ಮಳಖೇಡದ ಬಿಟ್ಟುಹೋದ ಹಾಳೆ

ಈ ಕಥೆಯಲ್ಲಿ ರಾಜರಿದ್ದಾರೆ, ಬೆಂಕಿಯಿದೆ, ಒಂದು ರಾಜಧಾನಿ ಎದ್ದು ಬಿದ್ದು ಮತ್ತೆ ಏಳುತ್ತದೆ. ಆದರೆ ಅದೆಲ್ಲ ನಡೆದದ್ದು ಜಯನಗರದ ಒಂದು ಕಾಲೇಜಿನ ಹಿಂಬದಿಯ ಕೋಣೆಯಲ್ಲಿ, ಒಬ್ಬನ ಬಾಯಿಂದ ಹೊರಟು ಇನ್ನೊಬ್ಬಳ ಪೆನ್ನಿಗೆ ಇಳಿಯುವ ಎರಡು ಗೇಣಿನ ದಾರಿಯಲ್ಲಿ. ಬಾಯಿ ಸೀನುವಿನದು. ಪೆನ್ನು ಉಮಾಶ್ರೀಯದು.

ಮೊದಲು ಪೆನ್ನಿನವಳ ವಿಚಾರ ಹೇಳಿಬಿಡಬೇಕು.

ಉಮಾಶ್ರೀ ಕಲಬುರಗಿ ಕಡೆಯ ಮಳಖೇಡದವಳು. ಹನ್ನೆರಡು ವರ್ಷದ ಹಿಂದೆ ಗಂಡ ಬಸವಂತನ ಜೊತೆ ಬೆಂಗಳೂರಿಗೆ ಬಂದು ಬಿಟಿಎಂ ಎರಡನೇ ಹಂತದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ ಹಿಡಿದಳು. ಬಸವಂತ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ. ಇವಳು ಮನೆಯ ಹತ್ತಿರದ ಕೊರಿಯರ್ ಅಂಗಡಿಯ ಕೌಂಟರಿನಲ್ಲಿ ಕೂರುತ್ತಾಳೆ. ಮೊಬೈಲಿನಲ್ಲಿ ವಿಳಾಸ ಹಿಡಿದು ಬಂದವರಿಗೆ ಪಾರ್ಸಲ್ಲಿನ ಮೇಲೆ ಬರೆದುಕೊಡುವುದು ಅವಳ ಕೆಲಸವಲ್ಲ, ಆದರೂ ಬರೆದುಕೊಡುತ್ತಿದ್ದಳು. ಜೋಳದ ಕಾಳು ಸಾಲಾಗಿ ಇಟ್ಟ ಹಾಗಿರುವ ಅಕ್ಷರ. ಒಂದು ದಿನ ಕಲ್ಯಾಣಿ ಎಂಬ ಜಯನಗರದ ಹೆಂಗಸು ತನ್ನ ಪಾರ್ಸಲ್ಲಿನ ಮೇಲಿನ ಬರಹ ನೋಡಿ, "ಇದು ಯಾರ ಕೈ?" ಎಂದು ಕೇಳಿದಳು. ಕಲ್ಯಾಣಿ ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆಯುವವರನ್ನು ಹುಡುಕಿಕೊಡುವ ಕೆಲಸ ಮಾಡುತ್ತಿದ್ದಳು. "ಅವರು ಹೇಳಿದ್ದನ್ನ ನೀವು ಬರೀಬೇಕು, ಅಷ್ಟೇ," ಎಂದಳು.

ಅಷ್ಟೇ ಅಂದದ್ದು ಅಷ್ಟು ಸುಲಭವಾಗಿರಲಿಲ್ಲ. ಆ ಕೆಲಸದ ಕಟ್ಟಳೆ ವಿಚಿತ್ರ. ಬರೆಯುವವರು ಪರೀಕ್ಷೆಯ ವಿಷಯವನ್ನು ಓದಿರಬಾರದು. ಗೊತ್ತಿಲ್ಲದಿರುವುದೇ ಅಲ್ಲಿ ಅರ್ಹತೆ. ಪ್ರಶ್ನೆ ಓದಿ ಹೇಳಬಹುದು, ಕೇಳಿದಾಗ ಬರೆದದ್ದನ್ನು ಮತ್ತೆ ಓದಿ ಹೇಳಬಹುದು. ಅದು ಬಿಟ್ಟು ತುಟಿ ಎರಡು ಮಾಡುವಂತಿಲ್ಲ. ಎರಡನೆಯ ವರ್ಷವೋ ಮೂರನೆಯ ವರ್ಷವೋ ಒಬ್ಬ ಹುಡುಗಿ ಕಾನೂನು ಪರೀಕ್ಷೆಯಲ್ಲಿ ಒಂದು ಸೆಕ್ಷನ್ನಿನ ಸಂಖ್ಯೆಯನ್ನು ತಪ್ಪು ಹೇಳಿದಳು. ಹತ್ತು ನಿಮಿಷ ಮುಂಚೆ ಅದೇ ಹುಡುಗಿ ಸರಿಯಾಗಿ ಹೇಳಿದ್ದಳು. ಉಮಾಶ್ರೀ ತಪ್ಪನ್ನೇ ಬರೆದಳು. ಮನೆಗೆ ಬಂದು ಊಟ ಸೇರಲಿಲ್ಲ. "ಸರೀದೇ ಬರೀಬೇಕಿತ್ತೇನೋ," ಎಂದದ್ದಕ್ಕೆ ಬಸವಂತ, "ತಿದ್ದಿ ಬರ್ದಿದ್ರ ಅದು ನಿನ್ನ ಪೇಪರ್ ಆಗ್ತಿತ್ತು, ಆ ಹುಡುಗೀದಲ್ಲ," ಎಂದ. ಆ ಮಾತನ್ನು ಅವಳು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು. ಎಂಟು ವರ್ಷದಲ್ಲಿ ನಲವತ್ತಮೂರು ಪೇಪರು ಬರೆದಳು. ಅವಳ ಸ್ವಂತ ಹೆಸರಿನಲ್ಲಿರುವುದು ಪಿಯುಸಿ ಒಂದೇ.

ಬರೆಯುವುದರ ಜೊತೆಗೆ ಓದುವುದೂ ಅಂಟಿಕೊಂಡಿತು. ಕಲ್ಯಾಣಿ ಪಠ್ಯಪುಸ್ತಕ ತಂದುಕೊಟ್ಟರೆ ಇವಳು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ದನಿ ಹಿಡಿದುಕೊಡುವಳು. ಕಣ್ಣಿಲ್ಲದವರು ಅದನ್ನು ಕೇಳಿ ಕಲಿಯುವರು. ಭಾನುವಾರ ಮಧ್ಯಾಹ್ನ ಕೊರಿಯರ್ ಅಂಗಡಿಯ ಹಿಂದಿನ ಗೋಡೌನಿನಲ್ಲಿ ರಟ್ಟಿನ ಡಬ್ಬಗಳ ನಡುವೆ ಕೂರುತ್ತಿದ್ದಳು. ರಟ್ಟು ಸದ್ದನ್ನು ಹೀರುತ್ತದೆ, ದನಿ ತೊಳೆದಿಟ್ಟ ಹಾಗೆ ಬರುತ್ತದೆ.

ಎರಡು ವರ್ಷದ ಹಿಂದೆ ಬಿ.ಎ. ಇತಿಹಾಸದ ಪುಸ್ತಕ ಬಂತು. ಅದರ ಒಂದು ಪಾಠದ ತಲೆಯ ಮೇಲೆ 'ಮಾನ್ಯಖೇಟ' ಎಂದಿತ್ತು. ಕೆಳಗೆ ಸಣ್ಣಕ್ಷರದಲ್ಲಿ: ಇಂದಿನ ಮಳಖೇಡ. ಅವಳ ಊರು. ಕಾಗಿಣಾ ಹೊಳೆಯ ದಂಡೆ, ಕೋಟೆಯ ಬುಡದಲ್ಲಿ ಶಹಾಬಾದ್ ಕಲ್ಲಿನ ಮನೆ, ಆ ಮನೆಯ ಹೊಸ್ತಿಲಿನ ಮೇಲೆ ಕೂತು ಕಥೆ ಹೇಳುತ್ತಿದ್ದ ಅಜ್ಜಿ, ಆಯಿ ದುಂಡವ್ವ. ಬಚ್ಚಲಿಗೆ ಪಾಯ ತೋಡಿದಾಗ ಕಪ್ಪು ಮಣ್ಣಿನ ಒಂದು ಪದರ ಕಂಡಿತ್ತು. "ನೋಡವಾ, ಸುಟ್ಟ ಊರಿನ ಬೂದಿ," ಎಂದಿದ್ದಳು ಆಯಿ. ಅದು ರಾಜಧಾನಿಯ ಬೂದಿಯೋ, ಯಾರದೋ ಅಜ್ಜಿಯ ಒಲೆಯ ಬೂದಿಯೋ, ಕೇಳಿದವರಿಲ್ಲ.

ಓದುವ ಮುಂಚೆ ದನಿ ಸರಿಯಾಗಿ ಹಿಡಿಯುತ್ತಿದೆಯೋ ಎಂದು ಎರಡು ಮಾತು ಆಡಿ ನೋಡುವುದು ಅವಳ ರೂಢಿ. ಆ ದಿನ ಆಡಿದ್ದು ಆಯಿಯ ಕಥೆ.

"ಇದು ನಮ್ಮೂರು ನೋಡ್ರಿ. ನಮ್ಮ ಆಯಿ ಹೇಳ್ತಿದ್ಳು. ಮಾಳ್ವದಿಂದ ಬಂದವ ಊರು ಸುಲದ, ಸುಟ್ಟ, ಹೋದ. ಬೂದಿ ಆರೋದ್ರಾಗ ಮನಿ ಆಳೇ ಮನಿ ಧಣಿ ಆದ. ಆ ಧಣಿ ಮರಿಮಗಗ ಇಲ್ಲಿ ನಿದ್ದಿ ಹತ್ತಲಿಲ್ಲ. ಪಟ್ಟದ ಗಂಟು ಕಟ್ಕೊಂಡು ಕಲ್ಯಾಣಕ್ಕ ಹೋದ. ಊರು ಅಲ್ಲೇ ಕುಂತದ, ನಮ್ಮಂಗ."

ಆಮೇಲೆ ಪಾಠ ಓದಿದಳು. ಮೊದಲಿನ ಆ ಮಾತುಗಳನ್ನು ಅಳಿಸುವುದು ಮರೆತಳು. ಅದು ಅವಳಿಗೆ ಗೊತ್ತಿದ್ದ ಮರೆವು. ಗೊತ್ತಿಲ್ಲದ್ದು ಇನ್ನೊಂದಿತ್ತು.

ಕಳೆದ ಜೂನಿನ ಒಂದು ಬೆಳಿಗ್ಗೆ ಎಂಟಕ್ಕೆ ಕಲ್ಯಾಣಿಯ ಫೋನು ಬಂತು. "ಉಮಾ, ಪೇಪರ್ ಬರೀಬೇಕಿದ್ದ ಹುಡುಗಿಗೆ ಜ್ವರ. ಹತ್ತು ಗಂಟೆಗೆ ಪರೀಕ್ಷೆ. ದೂರಶಿಕ್ಷಣದ ಬಿ.ಎ., ಕೊನೇ ಪೇಪರ್. ಇತಿಹಾಸ. ನೀವು ಆ ಪುಸ್ತಕ ಓದಿ ಕೊಟ್ಟಿದ್ದೀರ, ಗೊತ್ತು. ಆದ್ರೆ ಬೇರೆ ಯಾರೂ ಇಲ್ಲ. ಈ ಮನುಷ್ಯಂದು ಇವತ್ತು ಹೋದ್ರೆ ಪೂರ್ತಿ ಹೋಯ್ತು."

ಆ ಮನುಷ್ಯ ಸೀನು. ಹುಳಿಮಾವಿನವನು, ವಯಸ್ಸು ಮೂವತ್ತೊಂಬತ್ತು. ಇಪ್ಪತ್ತೊಂಬತ್ತಕ್ಕೆ ಕಣ್ಣು ಹೋಯಿತು. ಈಗ ಅರೆಕೆರೆಯ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. ಕಾಲೇಜಿನ ವರಾಂಡದ ಕಲ್ಲುಬೆಂಚಿನ ಮೇಲೆ ಮಡಚಿದ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ನಮಸ್ಕಾರ ರೀ. ನಿಮ್ಮ ಪೇಪರ್ ಬರೀಲಿಕ್ಕ ಬಂದೀನಿ," ಎಂದಳು ಉಮಾಶ್ರೀ.

ಸೀನು ತಲೆ ಎತ್ತಿದ. ಕಿವಿಯನ್ನು ಅವಳ ಕಡೆ ತಿರುಗಿಸಿ ನಕ್ಕ. "ಇತಿಹಾಸದ ಮೇಡಂ."

"ಅಂದ್ರ?"

"ಎರಡು ವರ್ಷದಿಂದ ದಿನಾ ಬಸ್ಸಲ್ಲಿ ನಿಮ್ಮನ್ನೇ ಕೇಳ್ಕೊಂಡು ಹೋಗ್ತೀನಿ. ನನ್ನ ಹೆಂಡ್ತಿ ದನಿಗಿಂತ ನಿಮ್ದು ಚೆನ್ನಾಗಿ ಗೊತ್ತು. ಅವಳ ಮುಂದೆ ಹೇಳ್ಬೇಡಿ. ನೀವು ಪುಟ ತಿರುಗಿಸೋ ಸದ್ದೂ ಗೊತ್ತು ನಂಗೆ. ಯಾವ ಸಾಲು ಎಷ್ಟನೇ ಸದ್ದಿನ ಪಕ್ಕ ಅಂತ ಗುರುತಿಟ್ಕೊಂಡೇ ಓದೋದು."

ಉಮಾಶ್ರೀಗೆ ನಾಚಿಕೆಯೂ ಖುಷಿಯೂ ಒಟ್ಟಿಗೆ ಆಯಿತು.

"ನಿಮ್ಮ ಆಯಿ ಕಥೆಯೂ ಕೇಳಿದ್ದೀನಿ. ಊರು ಅಲ್ಲೇ ಕುಂತದ, ನಮ್ಮಂಗ," ಎಂದು ಅವಳ ಧಾಟಿಯಲ್ಲೇ ಅಂದ.

"ಅಯ್ಯ, ಅದು ಅಳಸಬೇಕಿತ್ರಿ."

"ಯಾಕೆ? ಪಾಠಕ್ಕಿಂತ ಅದೇ ಚೆನ್ನಾಗಿದೆ. ಆದ್ರೆ ಅದಕ್ಕೆ ಮಾರ್ಕು ಕೊಡಲ್ಲ ಅಲ್ವಾ?" ಸೀನುವಿನ ನಗು ಕರಗಿತು. "ಹೋದ ಸಲ ಮಳಖೇಡದ್ದೇ ಬಂದಿತ್ತು ಮೇಡಂ. ಇಪ್ಪತ್ತು ಮಾರ್ಕಿಗೆ. ನೀವು ಓದಿದ್ದನ್ನ ಒಂದಕ್ಷರ ಬಿಡದ ಹಾಗೆ ಹೇಳ್ದೆ. ಎರಡೇ ಮಾರ್ಕು ಕೊಟ್ಟಿದ್ರು. ಒಟ್ಟು ಮೂವತ್ತಮೂರು ಬಂತು. ಇನ್ನೆರಡು ಬಂದಿದ್ರೆ ಮುಗೀತಿತ್ತು. ಏನು ತಪ್ಪು ಅಂತ ಇವತ್ತಿಗೂ ಗೊತ್ತಾಗಿಲ್ಲ."

ಅದು ಅವನ ಎರಡನೆಯ ಸೋಲು. ನೋಂದಣಿಯ ಆರು ವರ್ಷ ಈ ತಿಂಗಳಿಗೆ ಮುಗಿಯುತ್ತದೆ. ಈ ಸಲವೂ ಹೋದರೆ ಪಾಸಾದ ಉಳಿದೆಲ್ಲ ಪೇಪರುಗಳೂ ರದ್ದು. ಬೇಕೆಂದರೆ ಮೊದಲ ವರ್ಷದಿಂದ ಮತ್ತೆ ಶುರು ಮಾಡಬೇಕು. "ಇನ್ನೊಂದು ಸಲ ಆಗಲ್ಲ ನನ್ನ ಕೈಲಿ," ಎಂದ ಸೀನು. ದೂರುವ ದನಿಯಲ್ಲಿ ಅಲ್ಲ, ಬಸ್ಸಿನ ನಂಬರು ಹೇಳುವ ದನಿಯಲ್ಲಿ.

ಕೋಣೆಯ ಮೇಲ್ವಿಚಾರಕಿ ಚೂಡಾಮಣಿ ಮೇಡಂ ವಾಣಿಜ್ಯದ ಉಪನ್ಯಾಸಕಿ. ಹಿಂದಿನ ವರ್ಷ ಇದೇ ಕಾಲೇಜಿನಲ್ಲಿ ಬರೆಯಲು ಬಂದವನೊಬ್ಬ ಸ್ವಂತ ಉತ್ತರ ಬರೆದು ಸಿಕ್ಕಿಬಿದ್ದು, ಪಾಪ, ಪರೀಕ್ಷೆ ಕಟ್ಟಿದ್ದ ಕುರುಡು ಹುಡುಗನ ಪೇಪರೂ ರದ್ದಾಗಿತ್ತು. ಆ ದಿನ ಕೋಣೆಯಲ್ಲಿದ್ದವರು ಚೂಡಾಮಣಿಯೇ. ಘೋಷಣಾ ಪತ್ರ ಮುಂದಿಟ್ಟು, "ವಿಷಯ ಓದಿಲ್ಲ ತಾನೆ?" ಎಂದು ಕೇಳಿದರು.

ಇಲ್ಲ ಎಂದು ಸಹಿ ಹಾಕಿದ್ದರೆ ಮುಗಿಯುತ್ತಿತ್ತು. ಉಮಾಶ್ರೀ, "ಪರೀಕ್ಷಾಕ್ಕ ಓದಿಲ್ರಿ. ಆದ್ರ ಇವರ ಪುಸ್ತಕ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕೊಟ್ಟಾಕಿ ನಾನೇ ರೀ," ಎಂದಳು.

ಚೂಡಾಮಣಿ ಕನ್ನಡಕ ತೆಗೆದು ಅವಳನ್ನು ನೋಡಿದರು. ಪರೀಕ್ಷಾ ಕೇಂದ್ರದ ಮುಖ್ಯಸ್ಥರಿಗೆ ಫೋನು ಮಾಡಿದರು. ಐದು ನಿಮಿಷ ಮಾತಾಡಿದರು. ಆ ಐದು ನಿಮಿಷ ಸೀನುವಿನ ಹೆಬ್ಬೆರಳು ಕೋಲಿನ ಹಿಡಿಯನ್ನು ಉಜ್ಜುತ್ತಲೇ ಇತ್ತು.

"ಬೇರೆ ಜನ ಇಲ್ದಿರೋದ್ರಿಂದ ಬಿಡ್ತಿದ್ದಾರೆ," ಎಂದು ಚೂಡಾಮಣಿ ಫೋನಿಟ್ಟರು. ಕುರ್ಚಿಯನ್ನು ಎಳೆದುಕೊಂಡು ಬಂದು ಮೇಜಿನ ಪಕ್ಕದಲ್ಲೇ ಹಾಕಿದರು. "ನೋಡಿಮ್ಮ, ನಾನು ಇಲ್ಲೇ ಕೂರ್ತೀನಿ. ಒಂದಕ್ಷರ ನಿಮ್ಮದು ಅಂತ ಅನ್ನಿಸಿದ್ರೂ ಪೇಪರ್ ಕಿತ್ಕೊಳ್ತೀನಿ. ಅವರಿಗೇ ನಷ್ಟ."

"ಆಯ್ತ್ರಿ," ಎಂದು ಉಮಾಶ್ರೀ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಮಡಚಿಕೊಂಡು ಕೂತಳು.

ಹತ್ತರಿಂದ ಒಂದರವರೆಗೆ ಎಲ್ಲರ ಹೊತ್ತು, ಅಂಧರಿಗೆ ಇನ್ನೊಂದು ಗಂಟೆ ಹೆಚ್ಚು. ಮೊದಲ ನಾಲ್ಕು ಪ್ರಶ್ನೆಗಳು ಎಳೆದಾಡಿದವು. ಒಂದಕ್ಕೆ ಅರ್ಧ ಉತ್ತರ, ಇನ್ನೊಂದರಲ್ಲಿ ಇಸವಿ ಮರೆತು ಸೀನು ಹಣೆ ಒತ್ತಿಕೊಂಡ. ಒಂದೂಕಾಲಿನ ಹೊತ್ತಿಗೆ, "ಇದುವರೆಗೆ ಎಲ್ಲ ಸೇರಿ ಇಪ್ಪತ್ತು ದಾಟಿದ್ರೆ ಪುಣ್ಯ. ಕೊನೇದು ಓದಿ ಮೇಡಂ," ಎಂದ.

ಉಮಾಶ್ರೀ ಓದಿದಳು. "ಐದು. ಕಡ್ಡಾಯ. ಮಾನ್ಯಖೇಟ ನಗರದ ಇತಿಹಾಸವನ್ನು ಅದು ರಾಜಧಾನಿಯಾದಾಗಿನಿಂದ ಮಧ್ಯಯುಗದ ಕೊನೆಯವರೆಗೆ ವಿವರಿಸಿ. ಇಪ್ಪತ್ತು ಅಂಕ."

ಸೀನು ನಿಧಾನವಾಗಿ ಉಸಿರು ಬಿಟ್ಟ. "ಮತ್ತೆ ಅದೇ. ಇರ್ಲಿ. ಬರ್ಕೊಳ್ಳಿ."

ಅವನು ಹೇಳತೊಡಗಿದ. ಕಾಗಿಣಾ ನದಿಯ ದಂಡೆಯ ಪುಟ್ಟ ಊರು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಅದನ್ನು ರಾಜಧಾನಿ ಮಾಡಿಕೊಂಡದ್ದು. ದೇವತೆಗಳ ಪಟ್ಟಣವನ್ನೂ ನಾಚಿಸುವ ಹಾಗೆ ಕಟ್ಟಿಸಿದನೆಂದು ಶಾಸನ ಹೊಗಳಿದ್ದು. ಅರಬರ ಪ್ರವಾಸಿಯೊಬ್ಬ ಲೋಕದ ನಾಲ್ಕು ದೊಡ್ಡ ದೊರೆಗಳಲ್ಲಿ ಇಲ್ಲಿಯವನನ್ನೂ ಎಣಿಸಿದ್ದು. ಪೆನ್ನು ಓಡುತ್ತಿತ್ತು. ಉಮಾಶ್ರೀಗೆ ತನ್ನ ಊರಿನ ಬೀದಿಯಲ್ಲಿ ಯಾರೋ ದೀಪ ಹಿಡಿದು ನಡೆದ ಹಾಗೆ ಅನ್ನಿಸುತ್ತಿತ್ತು. ಅವನು ಹೇಳುತ್ತಿದ್ದುದು ಅವಳದೇ ಧಾಟಿಯಲ್ಲಿ. ಅವಳು ಉಸಿರು ತೆಗೆದುಕೊಂಡಲ್ಲಿ ಅವನೂ ತೆಗೆದುಕೊಳ್ಳುತ್ತಿದ್ದ.

"ಖೊಟ್ಟಿಗನ ಕಾಲದಲ್ಲಿ, ಕ್ರಿ.ಶ. ಒಂಬೈನೂರ ಎಪ್ಪತ್ತೆರಡರಲ್ಲಿ, ಮಾಳ್ವದ ಪರಮಾರ ದೊರೆ ಸೀಯಕನು ದೊಡ್ಡ ಸೈನ್ಯದೊಂದಿಗೆ ನರ್ಮದೆಯನ್ನು ದಾಟಿ ಮಾನ್ಯಖೇಟಕ್ಕೆ ಬಂದು, ರಾಜಧಾನಿಯನ್ನು ಕಲ್ಯಾಣಕ್ಕೆ ಬದಲಾಯಿಸಿದನು."

ಪೆನ್ನು ನಿಂತಿತು.

ಉಮಾಶ್ರೀ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಸೀಯಕ ಬದಲಾಯಿಸಿದನೇ? ಊರು ಸುಟ್ಟು ವಾಪಸು ಹೋದವನಲ್ಲವೇ ಅವನು? ಇದೆಂಥ ಮಾತು ಎಂದುಕೊಳ್ಳುವಷ್ಟರಲ್ಲಿ ಗೋಡೌನಿನ ಆ ಭಾನುವಾರ ಕಣ್ಣ ಮುಂದೆ ಬಂತು. ಹೊಸ ಪುಸ್ತಕ. ಅರವತ್ತೊಂದನೆಯ ಪುಟದ ಕೊನೆಯ ಪದ 'ಬಂದು'. ಹಾಳೆ ತಿರುಗಿಸಿದ್ದು. ಹೊಸ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎರಡು ಹಾಳೆ ಒಟ್ಟಿಗೆ ತಿರುಗಿವೆ. ಅರವತ್ತೆರಡು, ಅರವತ್ತಮೂರು ಹಾರಿಹೋಗಿವೆ. ಅರವತ್ತನಾಲ್ಕನೆಯ ಪುಟದ ಮೊದಲ ಸಾಲು ಅರವತ್ತೊಂದರ ಬಾಲಕ್ಕೆ ಬಂದು ಕೂತಿದೆ.

ಬೇರೆ ಯಾವ ಪಾಠವಾಗಿದ್ದರೂ ಅವಳಿಗೆ ಆಗಲೇ ತಿಳಿಯುತ್ತಿತ್ತು. ಗೊತ್ತಿಲ್ಲದ ವಿಷಯವನ್ನು ಅವಳು ಪದ ಪದ ಹಿಡಿದು ಓದುವಳು. ಇದು ಗೊತ್ತಿದ್ದ ಕಥೆ. ಬಾಯಿ ಓದುತ್ತಿದ್ದರೂ ಕಿವಿಯಲ್ಲಿ ಆಯಿಯ ದನಿ. ಹಾರಿಹೋದ ಎರಡು ಪುಟವನ್ನು ಆಯಿ ಒಳಗಿಂದ ತುಂಬಿಕೊಟ್ಟಿದ್ದಳು. ಕೇಳುವವನಿಗೆ ತುಂಬಿಕೊಡುವವರು ಯಾರು?

ಎರಡೇ ಮಾರ್ಕು ಕೊಟ್ಟಿದ್ದರು. ಏನು ತಪ್ಪು ಅಂತ ಇವತ್ತಿಗೂ ಗೊತ್ತಾಗಿಲ್ಲ.

"ಯಾಕೆ ನಿಲ್ಸಿದ್ರಿ?" ಚೂಡಾಮಣಿಯವರ ದನಿ ಕಿವಿಯ ಪಕ್ಕದಲ್ಲೇ ಬಂತು.

"ಏನಿಲ್ರಿ."

"ಅವರು ಹೇಳಿದ್ದನ್ನ ಬರೀರಿ."

'ಬಂದು' ಆದ ಮೇಲೆ ಒಂದೇ ಒಂದು ಸಾಲು ಸೇರಿಸಿದರೆ ಸಾಕಿತ್ತು. ಊರನ್ನು ಸುಟ್ಟನು, ಮುಂದೆ ತೈಲಪ, ಅವನ ಮರಿಮಗ ಸೋಮೇಶ್ವರ ರಾಜಧಾನಿಯನ್ನು ಬದಲಾಯಿಸಿದನು. ಚೂಡಾಮಣಿಗೆ ಇತಿಹಾಸ ಗೊತ್ತಿಲ್ಲ, ಸೀನುವಿಗೆ ಹಾಳೆ ಕಾಣುವುದಿಲ್ಲ. ಕೆಡಿಸಿದ್ದು ಅವಳ ಬಾಯಿ. ಸರಿಮಾಡಲು ಅವಳ ಕೈಗೆ ಹಕ್ಕಿಲ್ಲವೇ? ಬರೆದರೆ ಈ ಮನುಷ್ಯ ಪಾಸು. ಸಿಕ್ಕಿಬಿದ್ದರೆ ಅವನ ಆರು ವರ್ಷ ಕಸದ ಬುಟ್ಟಿಗೆ. ಸಿಕ್ಕಿಬೀಳದಿದ್ದರೆ? ಬಸವಂತನ ಮಾತು ನೆನಪಿಗೆ ಬಂತು. ತಿದ್ದಿ ಬರ್ದಿದ್ರ ಅದು ನಿನ್ನ ಪೇಪರ್ ಆಗ್ತಿತ್ತು.

ಉಮಾಶ್ರೀ ಬರೆದಳು. ರಾಜಧಾನಿಯನ್ನು ಕಲ್ಯಾಣಕ್ಕೆ ಬದಲಾಯಿಸಿದನು. ಒಂದೊಂದು ಅಕ್ಷರವೂ ಬೆರಳಿನಿಂದ ಮುಳ್ಳು ಕಿತ್ತ ಹಾಗೆ ಇಳಿಯಿತು.

"ಏನಾಯ್ತು ಮೇಡಂ? ನಿಮ್ಮ ಪೆನ್ನು ಯಾಕೋ ಅಳ್ತಿದೆ," ಎಂದ ಸೀನು.

"ನೀವು ಮುಂದುವರಿಸಿ. ಅವರ ಜೊತೆ ಮಾತಾಡ್ಬೇಡಿ," ಎಂದರು ಚೂಡಾಮಣಿ.

ಸೀನು ಮುಂದುವರಿಸಿದ. ಕಲ್ಯಾಣಕ್ಕೆ ಪಟ್ಟ ಹೋದ ಮೇಲೆ ಊರು ಬರಿದಾದದ್ದು, ಬಹಮನಿಗಳ ಕಾಲದ ಕೋಟೆ, ಬಿಜಾಪುರದವರು, ಆಮೇಲೆ ಮೊಘಲರು. ಆದರೆ ದನಿಯಲ್ಲಿ ಮೊದಲಿನ ಓಟವಿರಲಿಲ್ಲ. ಗಂಟೆ ಒಂದೂ ಮೂವತ್ತೈದು. ಇದ್ದಕ್ಕಿದ್ದಂತೆ ಅವನು, "ಮೊದಲಿಂದ ಓದಿ ಮೇಡಂ, ಈ ಉತ್ತರ ಪೂರ್ತಿ," ಎಂದ.

"ಓದಬಹುದು," ಎಂದರು ಚೂಡಾಮಣಿ. "ಆದ್ರೆ ರಾಗ ಬೇಡ. ಎಲ್ಲೂ ಒತ್ತಿ ಹೇಳ್ಬೇಡಿ, ಎಲ್ಲೂ ನಿಲ್ಲಿಸ್ಬೇಡಿ. ಎಲ್ಲಾದ್ರೂ ದನಿ ಏರಿದ್ರೆ ಅದು ಸುಳಿವು ಕೊಟ್ಟ ಹಾಗೆ."

ಉಮಾಶ್ರೀ ಓದಿದಳು. ರೈಲ್ವೆ ನಿಲ್ದಾಣದ ಯಂತ್ರ ಓದುವ ಹಾಗೆ, ಏರಿಲ್ಲ, ಇಳಿವಿಲ್ಲ. ನೃಪತುಂಗನೂ ಒಂದೇ, ನದಿಯೂ ಒಂದೇ. ಆ ಸಾಲು ಹತ್ತಿರ ಬಂದಾಗಲೂ ನಿಲ್ಲಲಿಲ್ಲ. ಸೀಯಕನು ದೊಡ್ಡ ಸೈನ್ಯದೊಂದಿಗೆ ನರ್ಮದೆಯನ್ನು ದಾಟಿ ಮಾನ್ಯಖೇಟಕ್ಕೆ ಬಂದು ರಾಜಧಾನಿಯನ್ನು ಕಲ್ಯಾಣಕ್ಕೆ ಬದಲಾಯಿಸಿದನು. ಹಾಗೆಯೇ ದಾಟಿಹೋದಳು.

"ನಿಲ್ಸಿ," ಎಂದ ಸೀನು.

ಅವನು ಎರಡು ವರ್ಷ ಈ ಸಾಲನ್ನು ಕೇಳಿದ್ದ. ಆದರೆ ಕೇಳಿದ್ದು ಹಾಡಿನ ಹಾಗೆ. ತನ್ನ ಊರಿನ ಹೆಮ್ಮೆಯಲ್ಲಿ ಉಬ್ಬಿ ಬರುತ್ತಿದ್ದ ದನಿಯಲ್ಲಿ ಕೇಳಿದ್ದ. ಅದೇ ಉಬ್ಬಿನಲ್ಲಿ ಬಾಯಿಪಾಠ ಮಾಡಿದ್ದ. ಈ ದಿನ ಮೊದಲ ಸಲ ಆ ಸಾಲು ಬಟ್ಟೆ ಬಿಚ್ಚಿದ ಹಾಗೆ ಬರೀ ಅರ್ಥವಾಗಿ ಅವನ ಮುಂದೆ ನಿಂತಿತ್ತು.

"ಮಾಳ್ವದಿಂದ ಬಂದೋನಿಗೆ ನಮ್ಮ ರಾಜಧಾನಿ ಎಲ್ಲಿದ್ರೆ ಏನು?" ಎಂದ ತನಗೆ ತಾನೇ. "ಸುಲಿಯೋಕೆ ಬಂದೋನು ಮನೆ ಶಿಫ್ಟ್ ಮಾಡಿಕೊಟ್ಟು ಹೋಗ್ತಾನಾ?"

ಉಮಾಶ್ರೀ ತಲೆ ತಗ್ಗಿಸಿದಳು. ಹಾಳೆಯ ಅಂಚಿನ ಮೇಲೆ ಕಣ್ಣು ನೆಟ್ಟಳು.

"ಅಲ್ಲೊಂದು ಸದ್ದಿತ್ತು," ಎಂದ ಸೀನು, ನಿಧಾನವಾಗಿ. "ಪುಟ ತಿರುಗಿಸೋ ಸದ್ದು. ಎಲ್ಲಕ್ಕಿಂತ ದಪ್ಪ ಸದ್ದು. ನಾನು ಡಬ್ಬ ಏನೋ ಬಿತ್ತು ಅಂದ್ಕೊಂಡಿದ್ದೆ." ಅವನ ಮುಖ ಅವಳ ಕಡೆಗೆ ತಿರುಗಿತು. ತಿರುಗಿ ಅಲ್ಲೇ ನಿಂತಿತು. ಬೈಯುವ ಮುಖವಲ್ಲ, ಕ್ಷಮಿಸಿದ ಮುಖವೂ ಅಲ್ಲ. ಉಮಾಶ್ರೀಗೆ ಆ ಕಾಣದ ಕಣ್ಣುಗಳ ಮುಂದೆ ಕೂರಲಾಗಲಿಲ್ಲ.

ಚೂಡಾಮಣಿ ಎದ್ದು ನಿಂತರು. "ಏನು ನಡೀತಿದೆ ಇಲ್ಲಿ? ಇವರೇನಾದ್ರೂ ಸನ್ನೆ ಮಾಡಿದ್ರಾ?"

"ಸನ್ನೆ ಮಾಡಿದ್ರೆ ನಂಗೆ ಕಾಣ್ಸುತ್ತಾ ಮ್ಯಾಡಂ?"

"ಕಾಲು ಒತ್ತಿರಬಹುದು."

"ಅವರ ಕಾಲು ಎಲ್ಲಿದೆ ನೋಡಿ ನೀವೇ."

ಚೂಡಾಮಣಿ ಬಗ್ಗಿ ನೋಡಿದರು. ಉಮಾಶ್ರೀಯ ಕಾಲುಗಳು ಬೆಳಿಗ್ಗೆ ಮಡಚಿದ್ದಲ್ಲೇ ಕುರ್ಚಿಯ ಕೆಳಗಿದ್ದವು. ಆಗಲೇ ಜೋಮು ಹಿಡಿದಿದ್ದವು.

"ಹೊತ್ತು ಹೋಗ್ತಿದೆ," ಎಂದ ಸೀನು. "ಬರೀರಿ ಮೇಡಂ. 'ಬಂದು' ಅನ್ನೋವರೆಗೂ ಇರ್ಲಿ. ಅಲ್ಲಿಂದ ಆ ಸಾಲಿನ ಕೊನೆವರೆಗೂ ಹೊಡೆದುಹಾಕಿ. ಅಲ್ಲೊಂದು ನಕ್ಷತ್ರ ಗುರುತು ಹಾಕಿ, ಹೊಸದನ್ನ ಉತ್ತರದ ಕೊನೇಲಿ ಬರೀರಿ."

ಅವಳು ಗೆರೆ ಎಳೆದಳು. ಗುರುತು ಹಾಕಿದಳು. ಕಾದಳು.

ಸೀನು ಹಣೆ ಉಜ್ಜಿಕೊಂಡ. ಹೊಡೆದುಹಾಕುವುದು ಸುಲಭವಿತ್ತು, ಆ ಜಾಗದಲ್ಲಿ ಇಡುವುದೇನು? ಒಂಬೈನೂರ ಎಪ್ಪತ್ತೆರಡರಿಂದ ಕಲ್ಯಾಣದವರೆಗೆ ಅವನ ತಲೆಯಲ್ಲಿ ದಪ್ಪ ಸದ್ದೊಂದು ಬಿಟ್ಟು ಬೇರೇನೂ ಇರಲಿಲ್ಲ. ಗೋಡೆಯ ಗಡಿಯಾರ ಒಂದೂ ನಲವತ್ತಮೂರು ತೋರಿಸುತ್ತಿತ್ತು. ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ. ಉಮಾಶ್ರೀ ಮನಸ್ಸಿನಲ್ಲೇ ಆಯಿಯನ್ನು ಕರೆದಳು. ಆಯಿ, ಹೇಳ. ನನಗಲ್ಲ, ಅವಗ ಹೇಳ.

ಒಂದೂ ನಲವತ್ತಾರು. ಸೀನುವಿನ ತುಟಿ ಅಲ್ಲಾಡಿತು. "ಮಾಳ್ವದಿಂದ ಬಂದವ ಊರು ಸುಲದ, ಸುಟ್ಟ, ಹೋದ," ಎಂದು ಗುನುಗಿದ. "ಬೂದಿ ಆರೋದ್ರಾಗ ಮನಿ ಆಳೇ ಮನಿ ಧಣಿ ಆದ." ನಿಲ್ಲಿಸಿದ. "ಮನಿ ಆಳು. ರಾಜನ ಮನೆಗೆ ಆಳು ಅಂದ್ರೆ ಯಾರು? ಸಾಮಂತ."

"ಇದನ್ನ ಬರೀಬೇಕಾ?" ಎಂದರು ಚೂಡಾಮಣಿ.

"ಇನ್ನೂ ಇಲ್ಲ ಮ್ಯಾಡಂ, ಯೋಚನೆ ಮಾಡ್ತಿದ್ದೀನಿ." ಅವನ ಬೆರಳುಗಳು ಮೇಜಿನ ಮೇಲೆ ಏನನ್ನೋ ಎಣಿಸುತ್ತಿದ್ದವು. "ಚಾಲುಕ್ಯರ ಪಾಠದಲ್ಲಿದೆ. ರಾಷ್ಟ್ರಕೂಟರ ಸಾಮಂತ, ಒಂಬೈನೂರ ಎಪ್ಪತ್ಮೂರು. ತೈಲಪ. ಬರೀರಿ ಮೇಡಂ, ಬರೀರಿ. 'ನಗರವನ್ನು ಸೂರೆಮಾಡಿ ಸುಟ್ಟು ಹಿಂದಿರುಗಿದನು. ಸ್ಥಳೀಯರ ನೆನಪಿನಲ್ಲಿ ಆ ಬೆಂಕಿ ಇಂದಿಗೂ ಕಥೆಯಾಗಿ ಉಳಿದಿದೆ. ರಾಷ್ಟ್ರಕೂಟರು ದುರ್ಬಲರಾದ ಮರುವರ್ಷವೇ ಅವರ ಸಾಮಂತನಾಗಿದ್ದ ಚಾಲುಕ್ಯ ಎರಡನೆಯ ತೈಲಪನು ಅಧಿಕಾರ ಹಿಡಿದನು. ಮಾನ್ಯಖೇಟವೇ ಕೆಲವು ಕಾಲ ಅವನ ವಂಶದ ರಾಜಧಾನಿಯಾಗಿ ಮುಂದುವರಿಯಿತು.'"

ಪೆನ್ನು ಹಾರುತ್ತಿತ್ತು. ಕೊರಿಯರ್ ಚೀಟಿ ಬರೆದ ಎಲ್ಲ ವರ್ಷಗಳ ವೇಗ ಆ ಬೆರಳಿಗೆ ಬಂದಿತ್ತು.

"ಇದು ಪುಸ್ತಕದಲ್ಲಿದೆಯಾ?" ಚೂಡಾಮಣಿ ಬಗ್ಗಿ ಕೇಳಿದರು.

"ನಾನು ಹೇಳ್ತಿದ್ದೀನಿ, ಅವರು ಬರೀತಿದ್ದಾರೆ. ಅಷ್ಟೇ ಅಲ್ವಾ ಮ್ಯಾಡಂ ರೂಲು?"

ಚೂಡಾಮಣಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಕೂತರು.

"ಆ ಧಣಿ ಮರಿಮಗಗ ಇಲ್ಲಿ ನಿದ್ದಿ ಹತ್ತಲಿಲ್ಲ," ಎಂದ ಸೀನು, ಈಗ ಸಣ್ಣಗೆ ನಗುತ್ತ. "ಮರಿಮಗ. ತೈಲಪನ ಮಗ, ಮೊಮ್ಮಗ ಜಯಸಿಂಹ, ಅವನ ಮಗ. ಒಂದನೇ ಸೋಮೇಶ್ವರ. ಬರೀರಿ. 'ಚೋಳರ ದಾಳಿಗಳಿಗೂ ತುತ್ತಾದ ಈ ನಗರವನ್ನು ಬಿಟ್ಟು, ಹನ್ನೊಂದನೆಯ ಶತಮಾನದಲ್ಲಿ ತೈಲಪನ ಮರಿಮಗನಾದ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ಬದಲಾಯಿಸಿದನು.'"

ಬೆಲ್ಲು ಹೊಡೆದಾಗ ಅವಳು ಕೊನೆಯ ಪದದ ಕೊಂಬು ಎಳೆಯುತ್ತಿದ್ದಳು. ಚೂಡಾಮಣಿ ಕೈಚಾಚಿದರು. ಉತ್ತರಪತ್ರಿಕೆಯನ್ನು ತೆಗೆದುಕೊಂಡು, ಗೆರೆ ಎಳೆದ ಸಾಲನ್ನು ಬಹಳ ಹೊತ್ತು ನೋಡಿದರು. ನಂತರ ವರದಿಯ ಹಾಳೆಯಲ್ಲಿ ಏನನ್ನೋ ಬರೆಯತೊಡಗಿದರು. ಎರಡು ಸಾಲಾಯಿತು, ಮೂರಾಯಿತು.

"ನಿಮ್ಮ ಸಹಿ ಬೇಕು ಇಲ್ಲಿ. ಓದಿ ಹಾಕಿ," ಎಂದು ಹಾಳೆಯನ್ನು ಮುಂದೆ ತಳ್ಳಿದರು.

'ಅಭ್ಯರ್ಥಿ ತಾನೇ ತಿದ್ದಿಕೊಂಡಿದ್ದಾರೆ. ಅಭ್ಯರ್ಥಿ ಹೇಳಿದ್ದನ್ನು ಮಾತ್ರ ಬರಹಗಾರ್ತಿ ಬರೆದಿದ್ದಾರೆ. ತಪ್ಪನ್ನೂ ಹೇಳಿದಂತೆಯೇ ಬರೆದಿದ್ದಾರೆ. ಅದು ತಪ್ಪೆಂದು ಅವರಿಗೆ ಗೊತ್ತಿತ್ತೆಂದು ನನ್ನ ಅನಿಸಿಕೆ.'

ಉಮಾಶ್ರೀ ಸಹಿ ಹಾಕಿದಳು. ಜೋಮು ಹಿಡಿದ ಕಾಲು ನೆಲಕ್ಕೆ ಊರಲಾಗದೆ ಗೋಡೆ ಹಿಡಿದು ಹೊರಗೆ ಬಂದಳು.

ವರಾಂಡದಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಎರಡು ಹಾಳೆ ಒಟ್ಟಿಗೆ ತಿರುಗಿದ್ದು, ಕಿವಿಯಲ್ಲಿ ಆಯಿ ಇದ್ದದ್ದು. "ಹೋದ ಸಲ ನಿಮ್ಮ ಮಾರ್ಕು ಹೋಗಿದ್ದು ನನ್ನಿಂದ ರೀ."

ಸೀನು ಕೋಲನ್ನು ಒಂದೊಂದೇ ಗಂಟಾಗಿ ಬಿಚ್ಚಿದ. "ನೂರು ಸಲ ಕೇಳಿದ್ದೀನಿ ಅದನ್ನ. ನೂರು ಸಲಾನೂ ನಂಬಿದೆ," ಎಂದ. ವರಾಂಡದಿಂದ ಬಿಸಿಲಿಗೆ ಇಳಿದ. "ಈಗ ಏನೂ ಹೇಳಲ್ಲ ಮೇಡಂ. ಸಿಟ್ಟು ಬಂದಿದೆ. ರಿಸಲ್ಟ್ ಬರ್ಲಿ, ಆಮೇಲೆ ಎಷ್ಟು ಸಿಟ್ಟು ಅಂತ ನೋಡೋಣ." ಕೋಲು ತಟ್ಟುತ್ತ ಗೇಟಿನ ಕಡೆ ಹೋದ.

ಉಮಾಶ್ರೀ ಮನೆಗೆ ಹೋಗಲಿಲ್ಲ. ಕಲ್ಯಾಣಿಯ ಮನೆಯಿಂದ ಪುಸ್ತಕ ಇಸಿದುಕೊಂಡು ನೇರವಾಗಿ ಗೋಡೌನಿಗೆ ಹೋದಳು. ಆ ಪಾಠವನ್ನು ಇನ್ನೂ ಎಷ್ಟು ಜನ ಬಸ್ಸಿನಲ್ಲಿ ಕೇಳುತ್ತಿದ್ದಾರೋ. ಮೊದಲಿಂದ ಕೊನೆಯವರೆಗೆ ಮತ್ತೆ ಓದಿದಳು. ಪ್ರತಿ ಹಾಳೆಯನ್ನೂ ಬೆರಳ ನಡುವೆ ಉಜ್ಜಿ ಒಂದೇ ಎಂದು ಖಾತ್ರಿ ಮಾಡಿಕೊಂಡು ತಿರುಗಿಸಿದಳು.

ನಲವತ್ತೆರಡು ದಿನ ಕಳೆದವು. ಆ ದಿನಗಳಲ್ಲಿ ಅವಳು ಎರಡು ಸಲ ತಪ್ಪು ಪಿನ್‌ಕೋಡ್ ಬರೆದಳು, ಹಿಂದೆಂದೂ ಆಗಿರಲಿಲ್ಲ. ಕೌಂಟರಿನ ಫೋನು ರಿಂಗಾದಾಗಲೆಲ್ಲ ಬೆನ್ನು ನೆಟ್ಟಗಾಗುತ್ತಿತ್ತು.

ಒಂದು ಮಂಗಳವಾರ ಹನ್ನೊಂದರ ಸುಮಾರಿಗೆ ಅದು ರಿಂಗಾಯಿತು.

"ಇತಿಹಾಸದ ಮೇಡಂ ಇದ್ದಾರಾ?"

ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡಳು.

"ಮೂವತ್ತೊಂಬತ್ತು," ಎಂದ ಸೀನು. "ನನ್ನ ವಯಸ್ಸಿನಷ್ಟೇ. ಆಯಿಗೆ ಹೇಳಿ."

"ಆಯಿ ಹೋಗಿ ಒಂಬತ್ತು ವರ್ಷ ಆತ್ರಿ," ಎಂದಳು ಉಮಾಶ್ರೀ, ಕೌಂಟರಿನ ಅಂಚನ್ನು ಹಿಡಿದುಕೊಂಡು.

"ಹಂಗಾದ್ರೆ ನೀವೇ ಕೇಳಿಸ್ಕೊಳ್ಳಿ. ಸಿಟ್ಟು ಅರ್ಧ ಹೋಗಿದೆ. ಉಳಿದರ್ಧ ಬೇರೆ ವಿಷಯಕ್ಕೆ. ಹೊಸ ರೆಕಾರ್ಡಿಂಗ್ ಕೇಳ್ದೆ. ಆಯಿ ಕಥೆ ಎಲ್ಲಿ?"

"ಅದು ಪಾಠ ಅಲ್ರಿ, ಅಳಸೀನಿ."

"ಮತ್ತೆ ಹಾಕಿ. ಪಾಠದ ಮೊದಲು. ಇಲ್ದಿದ್ರೆ ಯಾವತ್ತಾದ್ರೂ ಎರಡು ಹಾಳೆ ತಿರುಗಿದ್ರೆ ಗತಿ ಏನು?" ಎಂದ. "ಇನ್ನೊಂದು. ಪ್ರತಿ ಪುಟಕ್ಕೂ ಕರ್ರ್ ಕರ್ರ್ ಅಂತ ಸದ್ದು ಬರ್ತಿದೆ. ಗೋಡೌನಲ್ಲಿ ಇಲಿ ಸೇರ್ಕೊಂಡಿದೆಯಾ?"

"ಇಲಿ ಅಲ್ರಿ, ನಾನೇ ಹಾಳಿ ತಿಕ್ಕಿ ನೋಡೋದು."

"ಸರಿ, ತಿಕ್ಕಿ," ಎಂದ ಸೀನು. "ಕೇಳೋಕೆ ಕಿರಿಕಿರಿ. ಆದ್ರೆ ನಿಲ್ಲಿಸ್ಬೇಡಿ."

ಪಾರ್ಸಲ್ ಹಿಡಿದು ನಿಂತಿದ್ದ ಹೆಂಗಸು, "ಆಂಟಿ, ಅಡ್ರೆಸ್ ಬರ್ಕೊಡ್ತೀರಾ?" ಎಂದು ಮೊಬೈಲ್ ಚಾಚಿದಳು. ಉಮಾಶ್ರೀ ಪೆನ್ನು ತೆಗೆದುಕೊಂಡಳು. ಬರೆಯುವ ಮುಂಚೆ, "ಒಮ್ಮೆ ನೀವೇ ಓದಿ ಹೇಳ್ರಿ. ನಿಧಾನಕ್ಕ," ಎಂದಳು.